ಪಟ್ಟಿಯಲ್ಲಿದ್ದ ನಾಲ್ಕನೆಯವನು

ಮನೆಯ ಮುಂದಿನ ಕೋಣೆಯಲ್ಲೇ ಕೋಟು ಹೊಲಿಯುವ ಟೈಲರನಿಗೆ ಕೋಪ ಮೂಗಿನ ತುದಿಯಲ್ಲಿ. ಈಚೆಗೆ ಆ ಕೋಪವೆಲ್ಲ ವೈಫೈ ಪೆಟ್ಟಿಗೆಯ ಮೇಲೆ. ಗಿರಾಕಿ ಕಳಿಸಿದ ಕೋಟಿನ ಚಿತ್ರ ಫೋನಿನಲ್ಲಿ ಮೂಡುವಷ್ಟರಲ್ಲಿ ನಾಲ್ಕು ಗುಂಡಿ ಹೊಲಿದು ಮುಗಿಸಬಹುದಿತ್ತು. ಕಡೆಗೆ ರಿಪೇರಿಯವನನ್ನು ಕರೆಸಿದ.

ಪಾಸ್‌ವರ್ಡ್ ಕೇಳಿ ರಿಪೇರಿಯವನಿಗೆ ನಗು ತಡೆಯಲಾಗಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ ಫೋನ್ ನಂಬರೇ ಅದು! ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗೆ. ವೈಫೈಗೆ ಯಾರ್ಯಾರು ಯಾವಾಗ ಸೇರಿದ್ದರು ಎಂದು ಅವನು ತೆರೆದ ಪಟ್ಟಿಯಲ್ಲಿ ಟೈಲರನ ಫೋನು, ಹೆಂಡತಿಯ ಫೋನು, ದಿನವಿಡೀ ಸಿನಿಮಾ ಇಳಿಸಿಕೊಳ್ಳುತ್ತಿದ್ದ ಯಾರದೋ ಕಂಪ್ಯೂಟರು ಇದ್ದವು. ನಾಲ್ಕನೆಯ ಹೆಸರು ‘ಕತ್ತರಿ’.

ಟೈಲರನ ಮುಖ ಕಪ್ಪಿಟ್ಟಿತು. ಕತ್ತರಿ ಅನ್ನುವುದು ತಮ್ಮನಿಗೆ ಅಪ್ಪ ಇಟ್ಟ ಅಡ್ಡಹೆಸರು. ಎಂಟು ತಿಂಗಳ ಹಿಂದೆ ಅವನು ಕೋಟಿನ ಒಂದು ತೋಳು ಗಿಡ್ಡವಾಗಿ ಕತ್ತರಿಸಿದ್ದಕ್ಕೆ ಟೈಲರ್, ಗಿರಾಕಿಯ ಎದುರಿಗೇ, ನಿನಗೆ ಕತ್ತರಿ ಹಿಡಿಯುವ ಯೋಗ್ಯತೆಯಿಲ್ಲ ಎಂದುಬಿಟ್ಟಿದ್ದ. ತಮ್ಮ ಅವತ್ತೇ ಮನೆ ಬಿಟ್ಟು ಹೋಗಿ ಬೀದಿಯ ಕೊನೆಯ ಬಟ್ಟೆ ಕಾರ್ಖಾನೆ ಸೇರಿದ್ದ. ಮನೆ ಬಿಟ್ಟವನು ನೆಟ್ ಬಿಟ್ಟಿಲ್ಲವಲ್ಲ ಎಂದು ಟೈಲರ್ ಹಲ್ಲು ಕಡಿದ.

ಈ ಫೋನು ಒಂದು ಹಾಡನ್ನೂ ಕೇಳಿಲ್ಲ ಎಂದ ರಿಪೇರಿಯವನು. ದಿನಾ ಮಧ್ಯಾಹ್ನ ಒಂದಕ್ಕೆ ಬರುತ್ತದೆ, ಒಂದೂವರೆಗೆ ಹೋಗುತ್ತದೆ. ಹಳೆಯ ಪಾಸ್‌ವರ್ಡ್ ನೆನಪಿರುವುದರಿಂದ ಹತ್ತಿರ ಬಂದರೆ ತಾನಾಗಿಯೇ ಸೇರಿಕೊಳ್ಳುತ್ತದೆ, ಅವನಿಗೇ ಗೊತ್ತಿರಲಿಕ್ಕಿಲ್ಲ.

ಒಂದು ಗಂಟೆ ಕಾರ್ಖಾನೆಯ ಊಟದ ಹೊತ್ತು. ಟೈಲರನ ಮನೆಯ ಕಾಂಪೌಂಡಿನ ಹೊರಗೆ, ಗೋಡೆಯ ಮರೆಯಲ್ಲಿ, ಮುಂದಿನ ಕೋಣೆಯ ಕಿಟಕಿಗೆ ನೇರವಾಗಿ, ಒಂದು ಕಲ್ಲುಬೆಂಚು ಇದೆ. ಅಲ್ಲಿಗೆ ಹೊಲಿಗೆ ಮಿಷನ್ನಿನ ಸದ್ದು ಚೆನ್ನಾಗಿ ಕೇಳುತ್ತದೆ. ತಮ್ಮ ದಿನಾ ಅಲ್ಲೇ ಕೂತು ಉಣ್ಣುತ್ತಾನೆಂದು ಟೈಲರನಿಗೆ ಹೊಳೆಯಿತು.

ಪಾಸ್‌ವರ್ಡ್ ಬದಲಿಸದಿದ್ದರೆ ಸಿನಿಮಾದವನು ತೊಲಗುವುದಿಲ್ಲ. ಬದಲಿಸಿದರೆ ತಮ್ಮ ಬಂದು ಹೋದದ್ದು ಇನ್ನು ತಿಳಿಯುವುದಿಲ್ಲ. ಟೈಲರ್ ಟೇಪು ಸುತ್ತುತ್ತ, ಬಿಚ್ಚುತ್ತ ಬಹಳ ಹೊತ್ತು ಕೂತ. ಆಮೇಲೆ, ಬದಲಿಸು, ಯಾರ ಊಹೆಗೂ ನಿಲುಕದಷ್ಟು ಉದ್ದದ್ದು ಇಡು ಎಂದ.

ಒಂದಕ್ಕೆ ಮಿಷನ್ ನಿಲ್ಲಿಸಿ ಹೊರಗೆ ಹೋದ. ಅಣ್ಣನನ್ನು ಕಂಡು ತಮ್ಮನ ತುತ್ತು ಕೈಯಲ್ಲೇ ಉಳಿಯಿತು.

"ಪಾಸ್‌ವರ್ಡ್ ಬದಲಾಯಿಸಿದೀನಿ ಕಣೋ."

"ನಂಗ್ಯಾಕಣ್ಣ ಅದು?"

"ಇನ್ಮೇಲೆ ಇಲ್ಲಿ ಕೂತ್ರೆ ನೀನು ಬಂದಿದೀಯ ಅಂತ ನಂಗೆ ಗೊತ್ತಾಗಲ್ಲ. ಒಳಗೆ ಬಾ. ಅವತ್ತು ನಾನು ಹಾಗೆ ಅನ್ನಬಾರದಿತ್ತು."

ತಮ್ಮ ಡಬ್ಬಿಗೆ ಮುಚ್ಚಳ ಹಾಕಹೋದ. ಟೈಲರ್ ತೆರೆದ ಡಬ್ಬಿಯನ್ನು ಹಾಗೇ ಎತ್ತಿಕೊಂಡು ಮನೆಯೊಳಗೆ ನಡೆದ.