ಸೈಕಲ್ ಸ್ಟ್ಯಾಂಡಿನ ಪಕ್ಕದ ಕೃಷ್ಣೆ

ಜುಲೈ 18, ಶುಕ್ರವಾರ. ಸಂಜೆ 6.10ಕ್ಕೆ ಬರೆಯಲು ಕೂತೆ.

ಮಧ್ಯಾಹ್ನ ನಮ್ಮ ಶಾಲೆಯ ಅಂಗಳದಲ್ಲಿ ಪೈಪು ಹೂಳಲು ತೋಡು ಅಗೆಯುತ್ತಿದ್ದರು. ಸಲಿಕೆ ಹಳೆಯ ಪೈಪಿಗೆ ತಾಗಿ ನೀರು ಚಿಮ್ಮಿತು. ಒಣಗಿದ ಕರಿಮಣ್ಣು ಒಮ್ಮೆಲೇ ನೀರು ಕುಡಿದಾಗ ಏಳುವ ವಾಸನೆ ಕಿಟಕಿಯಿಂದ ತರಗತಿಯೊಳಗೆ ಬಂತು. ನಾನು ಬೋರ್ಡಿನ ಮೇಲೆ ಜಿಲ್ಲೆಯ ನದಿಗಳನ್ನು ಬರೆಯುತ್ತಿದ್ದೆ. ಬರೆಯುವ ಕೈ ನಿಂತಿತು. ಮಾನ್ವಿಯ ನಮ್ಮ ಹೈಸ್ಕೂಲು, ಅದರ ಇಳಿಜಾರು ಅಂಗಳ, ಪ್ಯಾಂಟು ಮಡಚಿ ಕೆಸರಿನಲ್ಲಿ ನಿಂತ ಸಮಾಜ ಸರ್...

ಸಮಾಜ ವಿಜ್ಞಾನ ಕಲಿಸುತ್ತಿದ್ದುದರಿಂದ ಅವರು ನಮಗೆಲ್ಲ ಸಮಾಜ ಸರ್. ಅರಕೇರಾ ಕಡೆಯ ಈ ಶಾಲೆಯಲ್ಲಿ ನಾನೀಗ ಕಲಿಸುವುದೂ ಅದನ್ನೇ. ಸೇರಿ ಒಂದು ವರ್ಷ ಒಂದು ತಿಂಗಳಾಯಿತು. ಹೋದ ಭಾನುವಾರದವರೆಗೆ ಅವರನ್ನು ಹುಡುಕುತ್ತಿದ್ದೆ. ಅವರಿಗೆ ಕೇಳಬೇಕಾದ ಒಂದೇ ಒಂದು ಪ್ರಶ್ನೆ ನನ್ನಲ್ಲಿತ್ತು. ಅದಕ್ಕೆ ನಾಳೆ ಬೆಳಗಿನೊಳಗೆ ಉತ್ತರ ಬೇಕಿತ್ತು.

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ಸರ್ ಅಂಗಳದಲ್ಲಿ ಕಾಲುವೆ ತೋಡಿಸಿದರು. ಪುಸ್ತಕದಲ್ಲಿ ನೀರಾವರಿಗೆ ಇದ್ದದ್ದು ಒಂದೂವರೆ ಪುಟ. ಸರ್ ಅದನ್ನು ಓದಿಸಲೇ ಇಲ್ಲ. ಗೇಣಗಲದ ತೋಡು, ಅದರ ಬದಿಗೆ ಅಂಗೈಯಷ್ಟಗಲದ ಮಡಿಗಳು, ಮಡಿಗೊಬ್ಬರು ಒಡೆಯರು. ನೀರು ತಡೆಯುವ ಗೇಟಿನ ಬದಲಿಗೆ ಶಾಬಾದಿ ಹಾಸುಗಲ್ಲಿನ ಚೂರು. ಮಡಿಗಳಲ್ಲಿ ಮೆಂತ್ಯ ಬಿತ್ತಿದ್ದೆವು. ಯಾರಿಗೆ ಯಾವ ಮಡಿ ಎನ್ನುವುದು ವಾರಕ್ಕೊಮ್ಮೆ ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು. ಮೇಲಿನ ತುದಿಯಲ್ಲಿ ಕಲ್ಲು ಮಣ್ಣಿನ ಅಣೆಕಟ್ಟು ಇತ್ತು. ಸರ್ ಅದರೊಳಗೆ ಎರಡು ಕೊಡ ನೀರು ಸುರಿದು ಕೈ ಕಟ್ಟಿ ನಿಲ್ಲುತ್ತಿದ್ದರು.

ಮೊದಲ ವಾರ ಮೇಲಿನ ಮಡಿ ಖಾಜಾನಿಗೆ ಬಂತು. ಅವನ ಅಪ್ಪ ಸಂತೆಯಲ್ಲಿ ಉಳ್ಳಾಗಡ್ಡಿ ವ್ಯಾಪಾರಿ, ಅವರ ಮನೆಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ಆದರೂ ನೀರು ಕಂಡ ಕೂಡಲೇ ಅವನು ತೋಡಿಗೆ ಅಡ್ಡ ಮಣ್ಣು ಮೆತ್ತಿ ತನ್ನ ಮಡಿಯನ್ನು ಕೆರೆ ಮಾಡಿಕೊಂಡ. ಕೊನೆಯ ಮಡಿಗಳವರು ಕೂಗಿದರೂ ಅವನು ತಲೆ ಎತ್ತಲಿಲ್ಲ. ನಮ್ಮ ಊರು ನಿಜವಾದ ಕಾಲುವೆಯ ಕೊನೆಯಲ್ಲಿದೆ. ಆ ಕೂಗು ನಾನು ಮನೆಯಲ್ಲಿ ಕೇಳಿದ್ದೇ. ಮುಂದಿನ ವಾರ ಚೀಟಿ ತಿರುಗಿತು. ಕೊನೆಯ ಮಡಿಗೆ ಬಂದ ಖಾಜಾ ಎಲ್ಲರಿಗಿಂತ ಜೋರಾಗಿ ಬೈಯತೊಡಗಿದ.

"ಯಾಕ್ಲೇ ಖಾಜಾ, ಹ್ವಾದ ವಾರ ನಿನಗ ಕಿವಿ ಕೇಳ್ತಿದ್ದಿಲ್ಲ. ಈ ವಾರ ಬಾಯಿ ಬಂತೇನು?" ಎಂದರು ಸರ್.

"ಹ್ವಾದ ವಾರದ್ದು ಬ್ಯಾರೆ ರೀ ಸರ್ರ," ಎಂದ ಅವನು. ಯಾರಿಗೂ ನಗು ತಡೆಯಲಾಗಲಿಲ್ಲ.

ಅದೇ ತೋಡಿನ ದಂಡೆಯ ಮೇಲೆ ಪೌರನೀತಿಯೂ ಆಯಿತು. ಸರದಿಯ ನಿಯಮವನ್ನು ನಾವೇ ಬರೆದೆವು: ಮೊದಲು ಕೊನೆಯ ಮಡಿ, ಆಮೇಲೆ ಮೇಲಿನದು. ಕೈ ಎತ್ತಿ ಒಪ್ಪಿದೆವು. ಇತಿಹಾಸಕ್ಕೂ ಸರ್ ಬೇರೆಡೆಗೆ ಹೋಗಲಿಲ್ಲ. "ಎರಡು ಹೊಳಿ ನಡುವಿನ ಈ ಮಣ್ಣಿಗೆ ರಾಜರು ಕುದುರಿ ತಂದು ಬಡದಾಡಿದ್ರು. ನೀವು ಶಾಬಾದಿ ಚೂರು ಹಿಡದು ಬಡದಾಡಾಕತ್ತೀರಿ. ಬರ್ಕೋರ್ರಿ, ಯಾರಿಗೆ ಏನು ಬೇಕಾಗಿತ್ತು ಅಂತ." ನನ್ನ ಆಗಿನ ಡೈರಿಯಲ್ಲಿ ಲೆಕ್ಕವಿದೆ: ನೀರು ಬಿಟ್ಟದ್ದು ಒಂಬತ್ತು ಸಲ, ಕೊನೆಯ ಮಡಿ ಮುಟ್ಟಿದ್ದು ನಾಲ್ಕು ಸಲ. ಆ ನಾಲ್ಕೂ ಸರದಿ ಬಂದ ಮೇಲಿನವು.

ಆದರೆ ಆ ಕಾಲುವೆಯಲ್ಲಿ ಒಂದು ತೊಡಕಿತ್ತು. ತುಂಗಭದ್ರೆಯ ಅಣೆಕಟ್ಟು ನಮಗೆ ನೈಋತ್ಯಕ್ಕೆ. ಕಾಲುವೆ ಅಲ್ಲಿಂದ ಈಶಾನ್ಯಕ್ಕೆ, ರಾಯಚೂರಿನ ಕಡೆಗೆ ಬರುತ್ತದೆ. ನಮ್ಮ ಅಂಗಳದ ಇಳಿಜಾರು ಇದಕ್ಕೆ ತೀರ ವಿರುದ್ಧ. ನೀರಿನ ಟಾಕಿಯಿದ್ದ ಈಶಾನ್ಯ ಮೂಲೆ ಎತ್ತರ, ಶಾಲೆಯ ಗೇಟಿದ್ದ ನೈಋತ್ಯ ಮೂಲೆ ತಗ್ಗು. ಒಂದು ಟ್ರ್ಯಾಕ್ಟರ್ ಮಣ್ಣು ಹಾಕಿಸಿದ್ದರೆ ಸರಿಹೋಗುತ್ತಿತ್ತೇನೋ, ಪ್ರಾರ್ಥನೆಗೆ ನಿಲ್ಲುವ ಜಾಗವಾದ್ದರಿಂದ ಬಿಡಲಿಲ್ಲ. ಸರ್ ನಕ್ಷೆಯನ್ನೇ ತಿರುಗಿಸಿದರು. ಅಣೆಕಟ್ಟು ಟಾಕಿಯ ಬುಡಕ್ಕೆ ಬಂತು. ಉತ್ತರದಲ್ಲಿ ಹರಿಯಬೇಕಾದ ಕೃಷ್ಣೆ ದಕ್ಷಿಣದ ಸೈಕಲ್ ಸ್ಟ್ಯಾಂಡಿನ ಪಕ್ಕಕ್ಕೆ ಹೋದಳು.

"ನೀರು ನಕ್ಷಿ ಓದಂಗಿಲ್ಲ, ಇಳಿಜಾರು ನೋಡ್ತದ. ಈ ಅಂಗಳದಾಗ ಮಾತ್ರ ದಿಕ್ಕು ಉಲ್ಟಾ, ನೆನಪಿಟ್ಕೋರ್ರಿ," ಎಂದಿದ್ದರು. ಅಷ್ಟು ದಿನ ಕೈಕಾಲು ಕೆಸರು ಮಾಡಿಕೊಂಡು ಕಲಿತ ಮೇಲೆ ನೆನಪಿದ್ದದ್ದು ಅಂಗಳ ಮಾತ್ರ.

ಚಳಿಗಾಲದಲ್ಲಿ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಗೋಡೆಯ ಮೇಲೆ ಜಿಲ್ಲೆಯ ಬಟ್ಟೆ ನಕ್ಷೆ ತೂಗುತ್ತಿತ್ತು. ಕೃಷ್ಣಾ ನದಿ ತೋರಿಸಲು ಖಾಜಾನನ್ನು ಕರೆದರು. ಅವನು ನಕ್ಷೆಯ ಮುಂದೆ ನಿಂತ, ಮೇಲೆ ನೋಡಿದ, ಕೆಳಗೆ ನೋಡಿದ. ಆಮೇಲೆ ಸ್ಟೂಲು ಹತ್ತಿ ನಕ್ಷೆಯನ್ನು ಮೊಳೆಯಿಂದ ಕಿತ್ತು, ತಲೆಕೆಳಗು ಮಾಡಿ, ಕೆಳಗಿನ ಕೋಲಿನ ದಾರವನ್ನು ಮೊಳೆಗೆ ಸಿಕ್ಕಿಸಿದ.

"ಈಗ ನೋಡ್ರಿ ಸಾಹೇಬ್ರ, ಬರೊಬ್ಬರಿ ಆತು. ಇದು ಕೃಷ್ಣಾ, ಅದು ಡ್ಯಾಂ. ನೀರು ಹಿಂಗ ಬರ್ತದ."

"ನಕ್ಷಿ ಬೋರಲು ಹಾಕಿದ್ರ ಊರು ಎಲ್ಲಿ ಹೋಗ್ತಾವಪಾ?" ಎಂದರು ಸಾಹೇಬರು.

"ಊರು ಎಲ್ಲಿಗೂ ಹೋಗಂಗಿಲ್ರಿ. ಅಲ್ಲೇ ಇರ್ತಾವ."

ನಾವು ನಕ್ಕೆವು. ಸಾಹೇಬರು ನಗಲಿಲ್ಲ. ಹೊರಗೆ ಹೋಗಿ ತೋಡನ್ನು ಉದ್ದಕ್ಕೂ ನಡೆದು ನೋಡಿದರು. "ಮಕ್ಕಳಿಗೆ ದಿಕ್ಕು ತಪ್ಪಸಬ್ಯಾಡ್ರಿ ಮಾಸ್ತರ, ಪರೀಕ್ಷಾದಾಗ ನಕ್ಷಿ ತಿರುವಾಕ ಬರಂಗಿಲ್ಲ," ಎಂದಷ್ಟೇ ಹೇಳಿದರು. ಸರ್ ತಲೆ ತಗ್ಗಿಸಿ ಹೂಂ ಎಂದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ...

ಮರುದಿನದಿಂದ ನಾನು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಅಕ್ಕನ ಮದುವೆ. ತಿರುಗಿ ಬಂದಾಗ ತೋಡು ಮುಚ್ಚಿತ್ತು, ಅದರ ಮೇಲೆ ಪ್ರಾರ್ಥನೆಯ ಸಾಲಿಗೆ ಸುಣ್ಣದ ಗೆರೆ ಎಳೆದಿದ್ದರು, ಪಾಠ ಮುಂದಕ್ಕೆ ಹೋಗಿತ್ತು. ವರ್ಷದ ಕೊನೆಗೆ ಸರ್‌ಗೆ ದೇವದುರ್ಗ ತಾಲೂಕಿಗೆ ವರ್ಗವಾಯಿತು. ತೋಡಿನ ಕಾರಣಕ್ಕೋ ವರ್ಗಾವಣೆಯ ಸರದಿ ಬಂದದ್ದಕ್ಕೋ ನನಗೆ ತಿಳಿಯದು.

ಒಂದು ಮಾತ್ರ ತಿಳಿದಿದೆ. ವಾರ್ಷಿಕ ಪರೀಕ್ಷೆಯಲ್ಲಿ ಜಿಲ್ಲೆಯ ನಕ್ಷೆಯೇ ಬಂತು. ನಮ್ಮ ತರಗತಿಯಲ್ಲಿ ಒಬ್ಬರೂ ಕೃಷ್ಣೆಯನ್ನು ಕೆಳಗೆ ಬರೆಯಲಿಲ್ಲ. ಖಾಜಾ ಕೂಡ. ಸಾಹೇಬರ ಮುಂದೆ ನಕ್ಷೆ ಬೋರಲು ಹಾಕಿದವನು ಕೆಲವೇ ತಿಂಗಳಲ್ಲಿ ಸರಿಯಾಗಿ ಗುರುತಿಸಿದ. ಹಾಗಾದರೆ ಆ ನಾಲ್ಕು ದಿನಗಳಲ್ಲಿ ಸರ್ ಏನೋ ಮಾಡಿದ್ದರು. ಅಂಗಳದಲ್ಲಿ ಕಲಿತದ್ದನ್ನು ಕಾಗದದ ಮೇಲೆ ತಿರುಗಿಸುವ ಏನೋ ಒಂದು. ಡೈರಿಯಲ್ಲಿ ಆ ದಿನಗಳ ಎದುರಿಗೆ ಬೀಗರ ಹೆಸರುಗಳಿವೆ, ಊಟದ ಪಂಕ್ತಿಗಳ ಲೆಕ್ಕವಿದೆ.

ನನ್ನ ಪ್ರಶ್ನೆ ಅದೇ. ಈಗಿನ ನನ್ನ ಶಾಲೆಯ ಅಂಗಳವೂ ಉಲ್ಟಾ. ಇಲ್ಲಿಯ ಕಾಲುವೆ ಪಡುವಣದಿಂದ ಬರುತ್ತದೆ, ಅಂಗಳ ಮೂಡಣಕ್ಕೆ ಎತ್ತರ. ಸೋಮವಾರ ಅಂಗಳಕ್ಕೆಲ್ಲ ಸಿಮೆಂಟ್ ಬ್ಲಾಕ್ ಕೂಡಿಸುತ್ತಾರೆ. ಹೆಡ್‌ಮೇಡಂ ಇವತ್ತು ಮತ್ತೆ ಹೇಳಿದರು: "ಟೀಚರ್, ಅಗಿಯಾಕ ನಾ ಬ್ಯಾಡ ಅನ್ನಂಗಿಲ್ಲ. ನಾಳಿ ಒಂದು ದಿನ ಅದ, ಏನ್ ಮಾಡ್ತೀರಿ ಮಾಡ್ಕೋರ್ರಿ. ಆದ್ರ ಮ್ಯಾಪಿನ ಮಾರ್ಕ್ಸ್ ಹೋದ್ರ ನನ್ನ ಕಡೆ ಬರಬ್ಯಾಡ್ರಿ."

ಹೋದ ಭಾನುವಾರ ಮಾನ್ವಿಗೆ ಹೋಗಿದ್ದೆ. ಖಾಜಾ ಈಗ ಅಪ್ಪನ ಜಾಗದಲ್ಲಿ ಕೂತಿದ್ದಾನೆ. ಉಳ್ಳಾಗಡ್ಡಿ ಆರಿಸುತ್ತಲೇ, "ಏನ್ರೀ ಟೀಚರ್, ರೇಟ್ ಕೇಳಾಕ ಬಂದ್ರೋ, ಹಾಜರಿ ಹಾಕಾಕ ಬಂದ್ರೋ?" ಎಂದ. ಸರ್ ಎಲ್ಲಿದ್ದಾರೆ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಉಳ್ಳಾಗಡ್ಡಿ ಕೆಳಗಿಟ್ಟ.

"ಸರ್ ತೀರ್ಕೊಂಡು ಎರಡು ವರ್ಷ ಆತಲ್ಲ. ರಾಯಚೂರಾಗ. ನಾ ಮಣ್ಣಿಗೆ ಹೋಗಿದ್ದೆ. ನಿನಗ ಯಾರೂ ಹೇಳಲಿಲ್ಲೇನು?"

ಯಾರೂ ಹೇಳಿರಲಿಲ್ಲ. ಈ ಎರಡು ವರ್ಷಗಳಲ್ಲಿ ಬಿ.ಇಡಿ ಮುಗಿಸಿದೆ, ಕೆಲಸಕ್ಕೆ ಸೇರಿದೆ, ಸರ್‌ಗೆ ಹೇಳಬೇಕು ಎಂದು ಡೈರಿಯಲ್ಲಿ ಎರಡು ಕಡೆ ಬರೆದುಕೊಂಡಿದ್ದೇನೆ...

ಸಾಹೇಬರು ಹೋದ ಮರುದಿನ ಸರ್ ಏನು ಮಾಡಿದರು ಎಂದು ಕೇಳಿದೆ.

"ಬೈದಿದ್ರ ನೆನಪಿರ್ತಿತ್ತು. ಬೈಲೇ ಇಲ್ಲ ನೋಡು. ಹೊರಗ ಕರಕೊಂಡು ಹೋಗಿದ್ರು, ಅಷ್ಟು ಖರೆ. ಆಮ್ಯಾಲ ಏನೋ ಮಾಡಿಸಿದ್ರು... ನೆನಪಿಗೆ ಬರವಲ್ದು."

ಅಂದಿನಿಂದ ಬೇರೆ ಬೇರೆ ದಾರಿ ಯೋಚಿಸುತ್ತಿದ್ದೇನೆ. ನಕ್ಷೆಯನ್ನು ನೆಲಕ್ಕೆ ಹಾಸಿ ಮಕ್ಕಳನ್ನು ಅದರ ಸುತ್ತ ನಡೆಸಬಹುದು. ಸೂರ್ಯ ಹುಟ್ಟುವ ಕಡೆ ಕೈ ಚಾಚಿಸಬಹುದು. ಒಂದೂ ಸರ್ ಮಾಡಿದ್ದು ಇದೇ ಎಂದು ಅನಿಸುವುದಿಲ್ಲ. ಪುಸ್ತಕದಿಂದಲೇ ಕಲಿಸಿದರೆ ಮಾರ್ಕ್ಸಿಗೆ ಮೋಸವಿಲ್ಲ. ಆದರೆ ನನ್ನ ತರಗತಿಯ ಮಕ್ಕಳು ಕೊನೆಯ ಮಡಿಯಲ್ಲಿ ಒಮ್ಮೆಯೂ ನಿಲ್ಲದೆ ಹತ್ತನೇ ತರಗತಿಗೆ ಹೋಗುತ್ತಾರೆ. ಈ ಪುಟದಲ್ಲೇ ಎರಡು ಸಲ ಬೇಡ ಎಂದು ಬರೆದು ಹೊಡೆದುಹಾಕಿದ್ದೇನೆ.

ಈಗ 8.25. ಅಗೆಯುವುದೆಂದೇ ತೀರ್ಮಾನ. ನಾಳೆ ಎಂಟು ಗಂಟೆಗೆ ಮಕ್ಕಳು ಬರುವಷ್ಟರಲ್ಲಿ ಅಣೆಕಟ್ಟು ತಪ್ಪು ಮೂಲೆಯಲ್ಲಿ ನಿಂತಿರುತ್ತದೆ. ನೀರು ಕೊನೆಯ ಮಡಿ ಮುಟ್ಟಿದ ಮೇಲೆ ಮಕ್ಕಳಿಗೆ ಏನು ಹೇಳಬೇಕು ಎನ್ನುವುದು ನನಗೆ ಇನ್ನೂ ಗೊತ್ತಿಲ್ಲ.

ನಮ್ಮ ಸರ್ ಮಾನ್ವಿ ಬಿಟ್ಟ ಮೇಲೆ ದೇವದುರ್ಗ ತಾಲೂಕಿನಲ್ಲಿ ನಿವೃತ್ತಿಯವರೆಗೆ ಕಲಿಸಿದರಂತೆ. ಇದನ್ನು ಓದುತ್ತಿರುವ ನೀವು ಅಂಗಳದಲ್ಲಿ ಕಾಲುವೆ ತೋಡಿಸಿದ ಒಬ್ಬ ಸಮಾಜ ಸರ್ ಹತ್ತಿರ ಕಲಿತಿದ್ದರೆ, ಅಥವಾ ನಾನು ಮದುವೆ ಮನೆಯಲ್ಲಿದ್ದ ಆ ನಾಲ್ಕು ದಿನ ನೀವು ಮಾನ್ವಿಯ ನಮ್ಮ ತರಗತಿಯಲ್ಲಿದ್ದಿದ್ದರೆ, ದಯವಿಟ್ಟು ಬರೆಯಿರಿ. ಹೊರಗೆ ಕರೆದುಕೊಂಡು ಹೋದ ಮೇಲೆ ಅವರು ಏನು ಮಾಡಿಸಿದರು? ನಾಳೆಯ ಪಾಠದ ಹೊತ್ತಿಗೆ ಅದು ಸಿಗುವುದಿಲ್ಲ. ಆದರೆ ಮಕ್ಕಳು ಪರೀಕ್ಷೆಗೆ ಕೂರುವುದು ಮಾರ್ಚ್‌ನಲ್ಲಿ.