ಸ್ಪೀಕರ್ ತಂತಿಯ ಕವಲು ತುದಿ

ಎಂಟು ತಿಂಗಳ ಮಗಳು ಅಂಬೆಗಾಲಿಡಲು ಶುರುಮಾಡಿದಂದಿನಿಂದ ಚೌಡವ್ವನ ಕಣ್ಣು ಗೋಡೆಯ ಬುಡದ ಕರೆಂಟಿನ ತೂತುಗಳ ಮೇಲೆಯೇ. ಹುಬ್ಬಳ್ಳಿಯಲ್ಲಿ ಮೆಟ್ರಿಕ್‌ವರೆಗೆ ಓದಿದವಳು. ಓದಿದ್ದಕ್ಕೇ ಹೆದರಿಕೆ ಹೆಚ್ಚೆಂದು ಗಜೇಂದ್ರಗಡದ ಅತ್ತೆಮನೆಯವರ ನಂಬಿಕೆ.

೧೯೫೮ರಲ್ಲಿ ಮನೆಗೆ ರೇಡಿಯೊ ಬಂದಿತ್ತು. ಮಾವ ಹೂವಪ್ಪ ಸೀರೆ ನೇಯುತ್ತಲೇ ಕೇಳಲೆಂದು ಪಡಸಾಲೆಯಿಂದ ಮಗ್ಗದ ಕೋಣೆಗೆ ತಂತಿ ಎಳೆದು ಇನ್ನೊಂದು ಸ್ಪೀಕರ್ ಇಟ್ಟಿದ್ದರು. ಮಗ್ಗದ ಉದ್ದೆಳೆಗಳ ಹಾಸು ಬದಲಿಸುವಾಗಲೆಲ್ಲ ಅಡ್ಡ ಬರುವ ತಂತಿ ಬಿಚ್ಚಬೇಕು, ಮತ್ತೆ ಕೂಡಿಸಬೇಕು. ಒಂದು ವಾರದಿಂದ ಹಾಡು ಬಂದು ಬಂದು ನಿಲ್ಲುತ್ತಿತ್ತು.

ರೇಡಿಯೊ ರಿಪೇರಿಯ ಜಂಗ್ಲಿಸಾಬ ಬಂದು ತಂತಿಯ ತುದಿ ಉಜ್ಜಿ ನೋಡಿ ನಕ್ಕ.

"ಹೂವಪ್ಪಣ್ಣ, ಇದಕ್ಯಾಕ ಬೂದಿ ಹಚ್ಚೀರಿ?"

"ಹಾಸಿನ ಎಳಿ ಕೂಡಸೂವಾಗ ಬೂದಿ ಹಚ್ಚೇ ಹೊಸಿತೀವಿ. ನಲವತ್ತ ವರ್ಷದಾಗ ಒಂದ ಎಳಿ ಬಿಚ್ಚಿಲ್ಲ."

"ಖರೇ. ಆದ್ರ ನೂಲಿನ್ಯಾಗ ಹಾಡ ಹಾಯಂಗಿಲ್ಲಲ್ಲ! ತಂತ್ಯಾಗ ಹಾಯೂ ಹಾಡಿಗೆ ಬೂದಿ ಅಡ್ಡ ಬರ್ತದ."

ಜಂಗ್ಲಿಸಾಬ ಮದುವೆ ಮೆರವಣಿಗೆಗಳಲ್ಲಿ ಗ್ಯಾಸ್‌ಬತ್ತಿ ಹೊತ್ತು ಬೆಳೆದವನು. ಈಗ ಸೈಕಲ್ಲಿಗೆ ಧ್ವನಿವರ್ಧಕದ ಹಾರ್ನ್ ಕಟ್ಟಿಕೊಂಡು ಸವಡಿಯಿಂದ ಹೊಳೆಆಲೂರಿನವರೆಗೂ ಚಪ್ಪರ ಚಪ್ಪರಕ್ಕೆ ಹಾಡು ಹಚ್ಚುತ್ತಿದ್ದ. ಅವನು ಕೂಡಿಸಿದ ತಂತಿಯ ಬಗ್ಗೆ ಯಾರೂ ಎರಡು ಮಾತಾಡುತ್ತಿರಲಿಲ್ಲ.

"ಎರಡ್ ಪಿನ್ನಿನ ಪ್ಲಗ್ ಹಾಕಿದ್ರ ಆತು," ಎಂದ. "ಹಾಡ ನಿಲ್ತದಂತ ನಿಮ್ಮ ಮಗ ಮುಂಜಾನೆನ ಹೇಳಿದ್ದ, ಹುಬ್ಬಳ್ಳಿಗೆ ಹೋಗೂಮುಂದ ಅವಗ ಚೀಟಿ ಬರದ ಕೊಟ್ಟೀನಿ. ಇವತ್ತ ತರ್ತಾನ."

ಚೌಡವ್ವ ಬಾಗಿಲಿಂದ ಮುಂದೆ ಬಂದಳು. "ಕಾಕಾ, ಅದು ದೀಪದ ಪ್ಲಗ್ಗಿನಂಗ ಇರ್ತದಲ್ರಿ? ಯಾರರ ಮರತು ಗ್ವಾಡಿ ತೂತಿಗೆ ಹಾಕಿದ್ರ? ಆ ಕಡೆ ತುದಿ ಕೂಸು ಹಿಡಿದ್ರ?"

"ಅಷ್ಟ ದಡ್ಡರೇನವಾ ನಾವು?" ಎಂದ ಹೂವಪ್ಪ.

"ತಂತಿಗೆ ಬೂದಿ ಹಚ್ಚಿದವ್ರು ಯಾರ ಮತ್ತ?" ಅಡುಗೆಮನೆಯಿಂದ ಅತ್ತೆ ಮುದುಕವ್ವನ ದನಿ ಬಂತು.

ಜಂಗ್ಲಿಸಾಬ ಜೇಬಿನಿಂದ ಎರಡು ಬಿಡಿ ಪಿನ್ನು ತೆಗೆದ, ಒಂದು ಕೆಂಪು, ಒಂದು ಕರಿ. "ಹಂಗಾದ್ರ ಇವು. ದೀಪದ ಪ್ಲಗ್ಗಿನಂಗ ಇಲ್ಲ, ನೋಡು."

ಚೌಡವ್ವ ಅವನ ಚೀಲದಲ್ಲಿದ್ದ, ಗೋಡೆಗೆ ಕೂಡಿಸುವ ಕರೆಂಟಿನ ಹೊಸ ಸಾಕೆಟ್ ಎತ್ತಿಕೊಂಡು ಅದರ ತೂತಿಗೆ ಕೆಂಪು ಪಿನ್ನು ಇಟ್ಟಳು. ಸಲೀಸಾಗಿ ಒಳಗೆ ಜಾರಿತು.

ಜಂಗ್ಲಿಸಾಬನ ನಗು ನಿಂತಿತು. "ಇಷ್ಟ ವರ್ಷ ಇದು ನನ್ನ ಕಣ್ಣಿಗೆ ಬಿದ್ದಿಲ್ಲ ನೋಡವಾ." ಎರಡೂ ಪಿನ್ನು ಜೇಬಿಗೆ ಹಾಕಿಕೊಂಡು ಹೇಳಿದ: "ತಂತಿಗೆ ಹಚ್ಚೂ ತಾಮ್ರದ ಕವಲು ತುದಿ ಬರ್ತಾವ, ಎರಡ ಹಲ್ಲಿನವು. ಸ್ಪೀಕರಿನ ಸ್ಕ್ರೂ ಕೆಳಗ ಕುಂದರಿಸಿ ಬಿಗಿದ್ರ ಕೂಸು ಜಗ್ಗಿದ್ರೂ ಬರಂಗಿಲ್ಲ. ಅಗಲ ಇರ್ತಾವ, ಗ್ವಾಡಿ ತೂತಿಗಂತೂ ಹೋಗಂಗೇ ಇಲ್ಲ. ಆದ್ರ ಹುಬ್ಬಳ್ಯಾಗಷ್ಟ ಸಿಗ್ತಾವ."

ಸೀರೆ ಒಪ್ಪಿಸಲು ಹೋದ ಗಂಡ ಐದು ಗಂಟೆಯವರೆಗೆ ಹುಬ್ಬಳ್ಳಿಯ ಸೀರೆ ಅಂಗಡಿಯಲ್ಲಿರುತ್ತಾನೆ, ಅಲ್ಲಿ ಫೋನಿದೆ. ಆಗಲೇ ನಾಲ್ಕಾಗಿತ್ತು.

"ಕೂಸು ನನ್ನ ಕಡೆ ಇರ್ಲಿ. ಲಗೂ ನಡಿ," ಎಂದಳು ಮುದುಕವ್ವ.

ಅಂಚೆ ಕಚೇರಿಯಲ್ಲಿ ನಾಲ್ಕು ಜನ ಗಂಡಸರು ನಿಂತಿದ್ದರು. ಅಂಚೆ ಮಾಸ್ತರರು ನಂಬರ್ ಬರೆದುಕೊಂಡು ತಲೆ ಎತ್ತಿದರು. "ಯಾರನ್ನ ಕರೀಲಿ? ಪೂರಾ ಹೆಸರ ಹೇಳವಾ."

ಗಂಡನ ಹೆಸರಾಗಲಿ ಮಾವನ ಹೆಸರಾಗಲಿ ಸೊಸೆಯ ಬಾಯಲ್ಲಿ ಬರುವ ಪದ್ಧತಿ ಅವರಲ್ಲಿರಲಿಲ್ಲ. ಪೂರಾ ಹೆಸರೆಂದರೆ ಎರಡೂ ಬೇಕು. ಚೌಡವ್ವ ಸೆರಗು ಬಿಗಿಮಾಡಿಕೊಂಡಳು.

"ಫಕ್ಕೀರಪ್ಪ ಹೂವಪ್ಪ," ಎಂದಳು, ಹಿಂದೆ ನಿಂತವರಿಗೂ ಕೇಳುವಂತೆ.

ಗೊರಗೊರ ಸದ್ದಿನ ಆಚೆಯಿಂದ ಗಂಡನ ಗಾಬರಿಯ ದನಿ ಬಂತು. "ಯಾಕ? ಕೂಸಿಗೇನಾತು?"

"ಏನೂ ಆಗಿಲ್ರಿ. ಆಗಬಾರದಂತನ ಫೋನ್ ಹಚ್ಚೀನಿ. ಆ ಚೀಟಿ ಹರದು ಒಗೀರಿ. ಪಿನ್ನಿನ ಪ್ಲಗ್ ಬ್ಯಾಡ, ತಾಮ್ರದ ಕವಲು ತುದೀವು ತರ್ರಿ, ನಾಕು. ಎಲ್ಲಿ, ಒಮ್ಮಿ ತಿರುಗಿ ಹೇಳ್ರಿ ನೋಡೋಣು."