ನಾಗರತ್ನಕ್ಕನ ಊಟದ ಬಿಡುವು

ನಾಗರತ್ನಕ್ಕ ನಕ್ಕರೆ ಸಾಲು ಹೊಲಿಗೆ ಯಂತ್ರಗಳ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಪೀಣ್ಯದ ಆ ಗಾರ್ಮೆಂಟ್ಸಿಗೆ ಸೇರಿದ ಹೊಸತರಲ್ಲಿ ಆ ನಗು ಕೇಳಿದರೆ ನಾನು ತಲೆ ತಗ್ಗಿಸುತ್ತಿದ್ದೆ. ಈಗ ಸೂಪರ್‌ವೈಸರ್ ಕೈಲಿ ಯಾರು ಬೈಸಿಕೊಳ್ಳುತ್ತಾರೋ ಎಂದು. ನನಗೆ ಬರುತ್ತಿದ್ದುದು ಶರಟಿಗೆ ಜೇಬು ಹೊಲಿಯುವುದೊಂದೇ. ಸೂಪರ್‌ವೈಸರ್ ಹಿಂದೆ ಬಂದು ನಿಂತರೆ ಅದೂ ಓರೆಯಾಗುತ್ತಿತ್ತು. ಕೇಳಿ ಕಲಿಯೋಣವೆಂದರೆ, ಗೊತ್ತಿಲ್ಲ ಎಂದವರನ್ನು ಮನೆಗೆ ಕಳಿಸಿಬಿಟ್ಟಾರೆಂಬ ಭಯ.

ಪಕ್ಕದ ಯಂತ್ರದಲ್ಲಿ ಕಾಲರ್ ಕೂರಿಸುತ್ತಿದ್ದ ನಾಗರತ್ನಕ್ಕ ಒಂದು ದಿನ ನನ್ನ ಓರೆ ಜೇಬು ನೋಡಿದರು. "ಯಾಕೆ ಇಂಗೆ ಎದರ್ಕೋತೀಯೆ? ನಾನು ಬಂದ ಹೊಸದ್ರಲ್ಲಿ ಒಂದೇ ಅಂಗಿಗೆ ಎರಡು ಎಡಗೈ ತೋಳು ಕೂರ್ಸಿದ್ದೆ ಕಣೆ. ಅದನ್ನ ಆಕ್ಕೊಳೋ ಗಂಡು ಇನ್ನೂ ಉಟ್ಟಿಲ್ಲ."

ಊಟದ ಬಿಡುವಿನಲ್ಲಿ ಅವರದೊಂದು ಆಟವಿತ್ತು. ಬೇಗ ಉಂಡು, ಎಲ್ಲರೂ ಜಾಗ ಬದಲಿಸಿ, ಬಿಸಾಡಿದ ತುಂಡು ಬಟ್ಟೆಯಲ್ಲಿ ಪಕ್ಕದವರ ಕೆಲಸ ಹೊಲಿಯಬೇಕು. ತೀರಾ ಕೆಟ್ಟದಾಗಿ ಹೊಲಿದದ್ದನ್ನು ನಾಗರತ್ನಕ್ಕ ಮೈಮೇಲೆ ಹಾಕಿಕೊಂಡು ಮದುವೆ ಗಂಡಿನ ಗತ್ತಿನಲ್ಲಿ ಸಾಲಿನುದ್ದಕ್ಕೂ ನಡೆಯುತ್ತಿದ್ದರು. ಆಮೇಲೆ ಅದನ್ನೇ ಬಿಚ್ಚಿ, "ಇಲ್ನೋಡು, ತುದೀಲಿ ಬಟ್ಟೆ ಎಳೀಬ್ಯಾಡ, ಅದೇ ತಿರುಗ್ತೈತೆ" ಎಂದು ತೋರಿಸುವರು. ಹೆಚ್ಚು ಮೆರವಣಿಗೆ ಹೋದದ್ದು ನನ್ನ ಕಾಲರುಗಳೇ.

ಹೊಸ ಮ್ಯಾನೇಜರ್ ಬಂದರು. "ಇದೇನು ಮದುವೆ ಮನೇನಾ?" ಎಂದು ಅಕ್ಕನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಸಾಲು ಮೂಕವಾಯಿತು. ತಪ್ಪಾದರೆ ಒಬ್ಬರಿಗೊಬ್ಬರು ಹೇಳುವುದೂ ನಿಂತಿತು.

ಅಷ್ಟರಲ್ಲಿ ಕಾರ್ಖಾನೆ ತುಮಕೂರಿನತ್ತ ಹೋಗುತ್ತದೆಂಬ ಸುದ್ದಿ. ಎರಡು ಕೆಲಸ ಬರುವ ಟೈಲರುಗಳಿಗೆ ಮಾತ್ರ ಅಲ್ಲಿ ಜಾಗವಂತೆ. ಅದಕ್ಕೊಂದು ಪರೀಕ್ಷೆ ಇಟ್ಟರು. ನನಗೆ ಕೊಟ್ಟದ್ದು ಕಾಲರ್. ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದರು. ತುದಿಗೆ ಬಂದಾಗ ಬಟ್ಟೆ ಎಳೆಯಲಿಲ್ಲ. ಕಾಲರ್ ನೆಟ್ಟಗೆ ಕೂತಿತು. ನಮ್ಮ ಸಾಲಿನಲ್ಲಿ ಹೆಚ್ಚುಕಮ್ಮಿ ಎಲ್ಲರೂ ಗೆದ್ದರು.

"ನಿಮಗೆಲ್ಲ ಯಾರಮ್ಮಾ ಟ್ರೈನಿಂಗ್ ಕೊಟ್ಟಿದ್ದು?" ಎಂದು ಮ್ಯಾನೇಜರ್ ಕೇಳಿದರು.

"ನಾಗರತ್ನಕ್ಕ ಸಾರ್. ಅವ್ರನ್ನೂ ಕರ್ಕೊಳ್ಳಿ ಸಾರ್" ಎಂದೆ.

ಅವರು ಕೈಯಲ್ಲಿದ್ದ ಪಟ್ಟಿ ಮಡಚಿದರು. "ಪ್ಯಾಕಿಂಗ್‌ನವರನ್ನ ಯಾರನ್ನೂ ತಗೊಳ್ತಿಲ್ಲ. ಮೇಲಿನವರು ತೀರ್ಮಾನ ಮಾಡಾಗಿದೆ" ಎಂದರು.

ಕೊನೆಯ ಸಂಜೆ ನಾನೂ ನಾಗರತ್ನಕ್ಕನೂ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ನಿಂತಿದ್ದೆವು. "ನಿಮ್ಗೆ ಯಾವತ್ತೂ ಭಯ ಆಗಲ್ವಾ ಅಕ್ಕಾ?" ಎಂದೆ.

"ಆಗ್ದೆ ಇರ್ತದಾ? ಗೇಟ್ ಒಳಗೆ ಕಾಲಿಟ್ರೆ ದಿನಾ ಇವತ್ತೇ ಕೆಲ್ಸದಿಂದ ಕಳಿಸ್ತಾರೆ ಅನ್ಸೋದು ಕಣೆ ನಂಗೆ. ಒಬ್ಳೇ ಎದರ್ಕೊಂಡು ಕೂರಕ್ಕಾಗ್ದೆ ನಿಮ್ಮನ್ನೆಲ್ಲ ಆಟಕ್ಕೆ ಸೇರಿಸ್ಕೊಂಡೆ."

ಅಷ್ಟು ಹೊತ್ತಿಗೆ ನನ್ನ ಬಸ್ಸು ಬಂತು. ಹತ್ತಿ ಕಿಟಕಿಯಿಂದ ತಿರುಗಿ ನೋಡಿದೆ. ಅವರು ಕತ್ತೆತ್ತಿ, ಹಿಂದೆ ಬರುತ್ತಿದ್ದ ಬಸ್ಸಿನ ಬೋರ್ಡು ಓದುತ್ತಿದ್ದರು.